ಬಣ್ಣವಿಲ್ಲದ ಹೂವು

ಶುಭಾಶಯದ ಕಾರ್ಡಿಗೆ ಬಣ್ಣವೂ ಬೇಡ, ಮಿಂಚಿನ ಪುಡಿಯೂ ಬೇಡ ಎಂದರೆ ನಂಬುವವರು ಕಡಿಮೆ. ಕಾಗದವನ್ನು ಒತ್ತಿ ಚಿತ್ತಾರ ಉಬ್ಬಿಸುವ ಡ್ರೈ ಎಂಬಾಸಿಂಗಿಗೆ ಬೇಕಾದದ್ದು ಹಿತ್ತಾಳೆಯದೊಂದು ಸ್ಟೆನ್ಸಿಲ್, ತುದಿಯಲ್ಲಿ ಪುಟ್ಟ ಗುಂಡಿರುವ ಸ್ಟೈಲಸ್, 200 ಜಿಎಸ್ಎಂ ಆಸುಪಾಸಿನ ಬಿಳಿ ಹಾಳೆ, ಮತ್ತೆ ಹಿಂದಿನಿಂದ ಬೀಳುವ ಬೆಳಕು. ಲೈಟ್ ಬಾಕ್ಸ್ ಕೊಳ್ಳಬಹುದು. ನನಗೆ ಬೆಳಗಿನ ಕಿಟಕಿಯ ಗಾಜೇ ಸಾಕು, ತೋಳು ನೋಯುತ್ತದೆ ಅಷ್ಟೆ.

ಸ್ಟೆನ್ಸಿಲನ್ನು ಗಾಜಿಗೆ ಟೇಪು ಹಚ್ಚಿ ನಿಲ್ಲಿಸಿ, ಹಾಳೆಯ ಮುಖವನ್ನು ಅದಕ್ಕೆ ಒರಗಿಸಬೇಕು. ಕೆಲಸವೆಲ್ಲ ಬೆನ್ನಿನ ಕಡೆಯಿಂದ. ಹಾಗಾಗಿ ಅಕ್ಷರವಿದ್ದರೆ ಸ್ಟೆನ್ಸಿಲನ್ನು ಮಗುಚಿಡದೆ ವಿಧಿಯಿಲ್ಲ. ಹಾಳೆಯ ಬೆನ್ನಿಗೆ ಮೊದಲು ಚೂರು ಮೇಣದ ಕಾಗದ ಉಜ್ಜಿದರೆ ಸ್ಟೈಲಸ್ ತಡೆಯಿಲ್ಲದೆ ಜಾರುತ್ತದೆ. ಹೂವನ್ನೆಲ್ಲ ತಿಕ್ಕಬೇಕಾಗಿಲ್ಲ, ಅಂಚು ಹಿಡಿದು ಹೋದರೆ ನಡುಭಾಗ ತಾನಾಗಿ ಏಳುತ್ತದೆ. ದಪ್ಪ ಗುಂಡಿನಿಂದ ಹಗುರವಾಗಿ ಒಂದು ಸುತ್ತು, ಆಮೇಲೆ ಸಣ್ಣದರಿಂದ ಮೂಲೆಮುಡುಕಿಗೆ. ಅವಸರಪಟ್ಟು ಒತ್ತಿದರೆ ಹಾಳೆಯ ನಾರು ಹರಿಯುತ್ತದೆ. ಮಳೆಗಾಲದ ತೇವಕ್ಕೆ ಅದೇ ನಾರು ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ. ಹಪ್ಪಳ ಒಣಗದ ದಿನಗಳಲ್ಲಿ ನನ್ನ ಕೆಲಸ ಸೊಗಸು!

ಹಾಳೆಯನ್ನು ಉಬ್ಬುತಗ್ಗಿನ ಅಚ್ಚಿರುವ ಫೋಲ್ಡರಿನೊಳಗಿಟ್ಟು ರೋಲರಿನ ನಡುವೆ ತೂರಿಸಿ, ಕ್ಷಣದಲ್ಲಿ ಇಡೀ ಚಿತ್ತಾರ ಎಬ್ಬಿಸುವ ಯಂತ್ರಗಳಿವೆ. ಎಲ್ಲೆಡೆ ಒಂದೇ ಆಳ, ಒಂದೇ ಹದ. ನನಗೆ ಅದು ರುಚಿಸದು.

ಬಣ್ಣವಿಲ್ಲದ ಉಬ್ಬು ಹೊಸದೇನಲ್ಲ. ಜಪಾನಿನ ಕಲಾವಿದ ಹರುನೊಬು 18ನೇ ಶತಮಾನದಲ್ಲೇ ತನ್ನ ಮರದಚ್ಚಿನ ಚಿತ್ರಗಳಲ್ಲಿ ಮಸಿಯಿಲ್ಲದ ಅಚ್ಚೊತ್ತಿ ಹಿಮವನ್ನೂ ಬಟ್ಟೆಯ ನೇಯ್ಗೆಯನ್ನೂ ಎಬ್ಬಿಸಿದ್ದ. ನಮ್ಮ ಉಪಖಂಡದ ಕಥೆ ಇನ್ನೂ ತಮಾಷೆಯದು. 1852ರಲ್ಲಿ ಸಿಂಧ್ ಪ್ರಾಂತದಲ್ಲಿ ಹೊರಟ, ಏಷ್ಯಾದ ಮೊದಲ ಅಂಟಿಸುವ ಅಂಚೆಚೀಟಿ ‘ಸಿಂಧ್ ಡಾಕ್’ನಲ್ಲಿ ಒಂದು ಬಗೆ ಬಿಳಿ ಕಾಗದದ ಮೇಲೆ ಬರಿಯ ಉಬ್ಬು. ಮಂಕು ಬೆಳಕಿನಲ್ಲಿ ಅದು ಕಣ್ಣಿಗೇ ಬೀಳದೆ, ಕೊನೆಗೆ ನೀಲಿ ಬಣ್ಣದಲ್ಲಿ ಅಚ್ಚು ಹಾಕಬೇಕಾಯಿತು. ಅಂಚೆಯವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮನಸ್ಸು ಆ ಬಿಳಿಯ ಕಡೆಗೇ.

ಕಾರ್ಡು ಕೈಗೆತ್ತಿಕೊಂಡವರು “ಇದೇನು, ಖಾಲಿ?” ಎಂದರೆ, “ಸ್ವಲ್ಪ ಓರೆ ಹಿಡೀರಿ” ಎನ್ನುತ್ತೇನೆ. ಪಕ್ಕದಿಂದ ಬೆಳಕು ಬಿದ್ದದ್ದೇ ನೆರಳು ಹುಟ್ಟಿ ಎಸಳು ಬಿಚ್ಚಿಕೊಳ್ಳುತ್ತದೆ. ಸೋದರತ್ತೆ ಮಾತ್ರ ಓರೆಗೀರೆ ಹಿಡಿಯಲಿಲ್ಲ. ಬೆರಳಾಡಿಸಿ, “ನಂದಿಬಟ್ಟಲು ಅಲ್ವೇನೇ? ಚೆನ್ನಾಗಿದೆ. ನಾಲ್ಕು ಮೂಲೆಗೂ ಒಂಚೂರು ಅರಿಶಿನ ಕುಂಕುಮ ಹಚ್ಚಿಬಿಡು” ಎಂದರು.