ಬಾನೆಟ್ ಎತ್ತಿ ನೋಡಿದ್ದೀರಾ?

ಗ್ಯಾಸ್ ಒಲೆಯ ಬರ್ನರ್ ಕಟ್ಟಿಕೊಂಡರೆ ನೀವೇನು ಮಾಡುತ್ತೀರಿ? ಪಿನ್ನಿನಿಂದ ಚುಚ್ಚಿ, ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ತಿಕ್ಕುತ್ತೀರಿ, ಅಲ್ಲವೇ? ಕುಕ್ಕರಿನ ರಬ್ಬರ್ ಸಡಿಲವಾದರೆ ಹೊಸದು ತರಿಸುತ್ತೀರಿ. ಆದರೆ ಅಂಗಳದಲ್ಲಿ ನಿಂತ ಕಾರಿನ ಮಾತು ಬಂದರೆ ಮಾತ್ರ “ಅದು ಗಂಡಸರ ಕೆಲಸ” ಅಂತ ಒಳಗೆ ಹೋಗಿಬಿಡುತ್ತೇವೆ. ನಾನೂ ಹನ್ನೆರಡು ವರ್ಷ ಹಾಗೇ ಇದ್ದವಳು.

ನಮ್ಮದು ಅರಸೀಕೆರೆ ತಾಲ್ಲೂಕಿನ ಗಂಡಸಿ. ತೆಂಗಿನ ತೋಟ ನಂಬಿಕೊಂಡ ಮನೆ. 2007ರಲ್ಲಿ ಕೊಬ್ಬರಿ ಮಾರಿದ ದುಡ್ಡಿನಲ್ಲಿ ನಮ್ಮ ಮಾವನವರು ಬಿಳೀ ಮಾರುತಿ 800 ಕೊಂಡರು. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಈ ಪುಟ್ಟ ಕಾರು ನಮ್ಮಂಥ ಎಷ್ಟು ಮನೆಗಳಿಗೆ ಮೊದಲನೇ ಕಾರೋ! ಪ್ರತಿ ಆಯುಧಪೂಜೆಗೆ ತೊಳೆದು, ಕುಂಕುಮವಿಟ್ಟು, ಹೂವಿನ ಹಾರ ಹಾಕಿ, ಬೂದಗುಂಬಳ ಒಡೆಯುತ್ತಿದ್ದೆವು. ಬಾನೆಟ್ಟಿನ ಮೇಲೆ ಕುಂಕುಮ. ಬಾನೆಟ್ಟಿನ ಒಳಗೆ ಇಣುಕಿದವರು ಯಾರೂ ಇಲ್ಲ.

2019ರ ಆಷಾಢದ ಒಂದು ರಾತ್ರಿ. ಜಿಟಿಜಿಟಿ ಮಳೆ. ಮಾವನವರಿಗೆ ಎದೆನೋವು ಬಂತು. ಮೈಯೆಲ್ಲಾ ಬೆವರು. ಇವರು ಅವರನ್ನು ಎತ್ತಿ ಕಾರಿನಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ ಬರೀ “ಟಕ್ ಟಕ್” ಅಂದಿತು. ಇನ್ನೊಮ್ಮೆ ತಿರುಗಿಸಿದರು. ಅದೂ ನಿಂತುಹೋಯಿತು. ನಾನು ಮಳೆಯಲ್ಲೇ ಓಡಿ ಹಿಂದಿನ ಬೀದಿಯವರ ಬಾಗಿಲು ಬಡಿದೆ. ಪಾಪ, ಅವರು ಎದ್ದು ಬಂದು ತಮ್ಮ ಗಾಡಿಯಲ್ಲೇ ಹಾಸನಕ್ಕೆ ಕರೆದೊಯ್ದರು. ಮಾವನವರು ಬದುಕಿಕೊಂಡರು. ಆದರೆ ಆ ಅರ್ಧ ಗಂಟೆಯನ್ನು ನೆನೆದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತದೆ.

ಮಾರನೇ ದಿನ ಮೆಕ್ಯಾನಿಕ್ ಹುಡುಗ ಬಂದು ಬಾನೆಟ್ ಎತ್ತಿದ. ಬ್ಯಾಟರಿಯ ತುದಿಗಳಿಗೆ ಸುಣ್ಣದ ಹಾಗೆ ಬಿಳೀ-ಹಸಿರು ಪುಡಿ ಮೆತ್ತಿಕೊಂಡಿತ್ತು. “ಅಕ್ಕಾ, ಬ್ಯಾಟರಿ ಚೆನ್ನಾಗೇ ಐತೆ. ಇದನ್ನ ಒರೆಸೋರಿಲ್ಲ, ಅಷ್ಟೇ” ಅಂದ. ಅಡುಗೆ ಸೋಡಾ ಮತ್ತು ಬಿಸಿನೀರು ಕೇಳಿದ! ವಾರವಾರ ಬರ್ನರಿಗೆ ನಾನು ಬಳಸುವುದೂ ಅದೇ. ನನಗೆ ನಾಚಿಕೆಯಾಯಿತು.

ಅವತ್ತು ಅವನ ಪಕ್ಕದಲ್ಲೇ ನಿಂತು ಕಲಿತುಕೊಂಡೆ. ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಪ್ರತಿ ಶನಿವಾರ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಕಾಲು ಗಂಟೆ ಸಾಕು. ಮೊದಲು ಲೋಹದ ಬಳೆ, ಉಂಗುರ ತೆಗೆದಿಡಿ. ಬ್ಯಾಟರಿಗೆ ತಗುಲಿದರೆ ಕಿಡಿ ಹಾರುತ್ತದೆ. ಸೆರಗು ಬಿಗಿಯಾಗಿ ಸಿಕ್ಕಿಸಿ. ಬ್ಯಾಟರಿಗೆ ಪುಡಿ ಕಟ್ಟಿದ್ದರೆ ಮೈನಸ್ ತಂತಿಯನ್ನು ಮೊದಲು ಬಿಚ್ಚಬೇಕು, ಕೊನೆಯಲ್ಲಿ ಜೋಡಿಸಬೇಕು. ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ನೀರು ಒಳಗಿಳಿಯಬಾರದು. ಹಳೇ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ತುದಿಗೆ ಒಂದಿಷ್ಟು ವ್ಯಾಸಲೀನ್ ಸವರಿ.

ಆಮೇಲೆ ಇಂಜಿನ್ ಆಯಿಲ್. ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದರೆ ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ರೇಡಿಯೇಟರಿಗೆ ನಲ್ಲಿ ನೀರು ಸುರಿಯಬೇಡಿ. ಬೋರ್ ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಉಪ್ಪು ಕಟ್ಟುವುದನ್ನು ನೋಡಿದ್ದೀರಲ್ಲ, ಅಲ್ಲೂ ಹಾಗೇ ಕಟ್ಟುತ್ತದೆ. ಕೂಲೆಂಟನ್ನೇ ಹಾಕಿಸಿ. ಬಿಸಿ ಇರುವಾಗ ಅದರ ಮುಚ್ಚಳ ಮುಟ್ಟಲೇಬೇಡಿ. ಕುಕ್ಕರಿಗೆ ಹೆದರುವ ಹಾಗೆ ಹೆದರಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಎಂದಿದ್ದರೆ 2014ರ 23ನೇ ವಾರ ತಯಾರಾದದ್ದು. ಕಾಯಿ ಕಂಡು ಹಣ್ಣು ಅನ್ನಬಾರದು. ಮೇಲೆ ಗೆರೆ ಚೆನ್ನಾಗಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಪಕ್ಕದಲ್ಲಿ ಬಿರುಕು ಕಂಡರೆ ಬದಲಾಯಿಸಿ. ಸ್ಟೆಪ್ನಿಗೂ ಗಾಳಿ ಹಿಡಿಸಿ.

ನಮ್ಮ ಸೀಮೆಯವರಿಗೆ ಇನ್ನೆರಡು ಮಾತು. ತೆಂಗಿನ ಮರದ ಕೆಳಗೆ ನೆರಳಿದೆ ಎಂದು ಕಾರು ನಿಲ್ಲಿಸಬೇಡಿ, ಕಾಯಿ ಬಿದ್ದರೆ ಗಾಜು ಉಳಿಯದು. ಕೊಬ್ಬರಿ ಅಟ್ಟದ ಪಕ್ಕದಲ್ಲೂ ಬೇಡ. ಕೊಬ್ಬರಿಗೆ ಬಂದ ಇಲಿ ಬೆಚ್ಚಗಿರುವ ಇಂಜಿನ್ನಿನ ತಂತಿ ಕಡಿಯುತ್ತದೆ. ಹಾಗೆಯೇ ಈಗ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತು ಬರುತ್ತಿದೆ. ಹಳೇ ಗಾಡಿಯ ರಬ್ಬರ್ ಪೈಪುಗಳು ಅದಕ್ಕಾಗಿ ಮಾಡಿದವಲ್ಲ. ಸರ್ವಿಸಿಗೆ ಬಿಟ್ಟಾಗ ಪೆಟ್ರೋಲ್ ಪೈಪು ಬಿರಿದಿದೆಯೇ ಎಂದು ಕೇಳಿ ನೋಡಿಸಿ. ಎಲ್ಲಾದರೂ ಪೆಟ್ರೋಲ್ ವಾಸನೆ ಬಂದರೆ ಅಸಡ್ಡೆ ಮಾಡಬೇಡಿ.

ಹೊಸದಾಗಿ ಏನೇನು ಹಾಕಿಸಿದಿರಿ ಅಂತೀರಾ? ನಮ್ಮ ಕಾರಿಗೆ ಎಡಗಡೆ ಕನ್ನಡಿಯೇ ಇರಲಿಲ್ಲ, ಅದನ್ನು ಹಾಕಿಸಿದೆ. ಮಳೆಗಾಲಕ್ಕೆ ಮುಂಚೆ ವೈಪರ್ ರಬ್ಬರ್ ಬದಲಾಯಿಸಿದೆ. ಹಿಂದಿನ ಸೀಟಿನ ಬೆಲ್ಟುಗಳು ವರ್ಷಗಳಿಂದ ಸೀಟಿನ ಸಂದಿಯಲ್ಲಿ ಹೂತುಹೋಗಿದ್ದವು. ಹೊರಗೆಳೆದು, ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ, ಕೊಂಡಿ ಸರಿ ಮಾಡಿಸಿದೆ. ಮಗ ಅಗಲ ಟೈರು, ದೊಡ್ಡ ಹಾರನ್ ಬೇಕೆಂದು ಹಟ ಹಿಡಿದ. “ಮೊದಲು ನಿಲ್ಲೋದು ನೋಡೋಣ ಕಣಪ್ಪ, ಕೂಗೋದು ಆಮೇಲೆ” ಅಂತ ಆ ದುಡ್ಡಿನಲ್ಲಿ ಬ್ರೇಕ್ ಪ್ಯಾಡ್ ಬದಲಾಯಿಸಿದೆವು.

2022ರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿತು. ಆ ವರ್ಷದ ಏಪ್ರಿಲ್‌ನಿಂದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. “ಮಾರಿಬಿಡೋಣ ಕಣೆ” ಅಂದರು ಇವರು. ನಾನು ಲೆಕ್ಕದ ಪುಸ್ತಕ ತಂದು ಮುಂದಿಟ್ಟೆ. ವರ್ಷದ ಖರ್ಚೆಲ್ಲ ಸೇರಿಸಿದರೂ ಹೊಸ ಕಾರಿನ ಕೆಲವೇ ಕಂತುಗಳಿಗೆ ಸಮ. ಸುಮ್ಮನಾದರು. ಹಾಸನದಲ್ಲಿ ಗಾಡಿ ತೋರಿಸಿ ಮತ್ತೈದು ವರ್ಷಕ್ಕೆ ಬರೆಸಿಕೊಂಡು ಬಂದೆವು. ಹಾಗಂತ ಎಲ್ಲ ಹಳೇ ಗಾಡಿಯನ್ನೂ ಇಟ್ಟುಕೊಳ್ಳಿ ಎನ್ನುವುದಿಲ್ಲ. ತಳದ ತಗಡು ತುಕ್ಕು ಹಿಡಿದು ಪುಡಿಯಾಗುತ್ತಿದ್ದರೆ ಮೋಹ ಬಿಡುವುದೇ ಕ್ಷೇಮ.

ಮಾವನವರನ್ನು ಈಗಲೂ ತಪಾಸಣೆಗೆ ಅದೇ ಕಾರಿನಲ್ಲಿ ಕರೆದೊಯ್ಯುತ್ತೇವೆ. ಹಿಂದಿನ ದಿನ ಸಂಜೆಯೇ ಅವರು ಜಗಲಿಯಿಂದ ಕೂಗುತ್ತಾರೆ: “ಏನಮ್ಮಾ, ಬಾನೆಟ್ ಎತ್ತಿ ನೋಡಿದ್ಯಾ?”

ನೀವು ನೋಡಿದಿರಾ? ನಾಳೆ ಬೆಳಿಗ್ಗೆ ಕಾಫಿ ಕುಡಿದವರೇ ಒಮ್ಮೆ ನೋಡಿ. ಅಡುಗೆ ಸೋಡಾ ಹೇಗೂ ಮನೆಯಲ್ಲೇ ಇದೆ.