ಬೇಲಿಯ ಹೂವು ಹಿತ್ತಲಿಗೆ ಬಂದಾಗ

ಹಿರೇಗುತ್ತಿಯಲ್ಲಿ ಮಳೆ ಹಿಡಿದು ತಿಂಗಳೆರಡಾಗುವ ಹೊತ್ತಿಗೆ ನಮ್ಮ ಹಿತ್ತಲಿನ ಗೋರಂಟಿ ಗಿಡವನ್ನು ಬಳ್ಳಿಯೊಂದು ಹತ್ತಿ ಕೂತಿರುತ್ತದೆ. ಅದರ ಎಲೆಯ ತುದಿಯೇ ನೂಲಿನಂತೆ ಸುರುಳಿಯಾಗಿ, ಸಿಕ್ಕಿದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಹೂವಿಗೆ ಆರು ಎಸಳು. ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಡದ ಕೆಂಪು. ಎಸಳುಗಳು ಮೇಲಕ್ಕೆ ಮಡಚಿಕೊಂಡು ಅಲೆಅಲೆಯಾಗಿ ನಿಲ್ಲುವುದರಿಂದ ಒಲೆಯ ಉರಿಯಂತೆ ಕಾಣುತ್ತದೆ. ಪುಸ್ತಕದವರು ಅದನ್ನು ಅಗ್ನಿಶಿಖೆ ಎನ್ನುತ್ತಾರೆ. ನಮಗೆ ಅದು ಗೌರಿ ಹೂವು.

ನಾವು ಚಿಕ್ಕವರಿದ್ದಾಗ ಈ ಹೂವನ್ನು ಯಾರೂ ನೆಟ್ಟು ಬೆಳೆಸುತ್ತಿರಲಿಲ್ಲ. ಬೇಲಿಗಳಲ್ಲಿ, ಗೇರು ಗುಡ್ಡದ ಅಂಚಿನಲ್ಲಿ ತಾನಾಗಿಯೇ ಬರುತ್ತಿತ್ತು. ಉರ್ದು ಶಾಲೆ ಮುಗಿಸಿ ಕನ್ನಡ ಶಾಲೆಗೆ ಸೇರಿದ ವರ್ಷ ನೆರೆಮನೆಯ ಹುಡುಗರು ನಮ್ಮ ಗೆಳೆಯರಾದರು. ಚೌತಿಯ ಹಿಂದಿನ ದಿನ ಅವರ ಜೊತೆ ಬೇಲಿ ಬೇಲಿ ಸುತ್ತಿ ಹೂ ಕೊಯ್ಯುವುದು ನಮ್ಮ ಪಾಲಿಗೂ ಹಬ್ಬವೇ. ಗಣಪತಿಯ ಮೇಲೆ ಕಟ್ಟುವ ಫಲಾವಳಿಯಲ್ಲಿ ಅಡಿಕೆ, ಕಾಡುಕಾಯಿಗಳ ನಡುವೆ ನಾವು ತಂದ ಹೂವೂ ತೂಗುತ್ತಿತ್ತು. ಮರುದಿನ ಅವರ ಜಗುಲಿಯಲ್ಲಿ ಕೂತು ಪಂಚಕಜ್ಜಾಯ ತಿಂದು ಬರುತ್ತಿದ್ದೆವು.

ಆಮೇಲೆ ಬೇಲಿಗಳು ಹೋದವು. ಹೆದ್ದಾರಿ ಅಗಲವಾಯಿತು ಎಂದು ಅದರ ಮೇಲೆಯೇ ಎಲ್ಲ ಹೊರಿಸಲು ಮನಸ್ಸು ಒಪ್ಪುವುದಿಲ್ಲ. ಕತ್ತಾಳೆ, ಲಕ್ಕಿ ಗಿಡಗಳ ಬೇಲಿಯನ್ನು ಕಿತ್ತು ಚಿರೇಕಲ್ಲಿನ ಗೋಡೆ ಕಟ್ಟಿಸಿದವರಲ್ಲಿ ನಾವೂ ಇದ್ದೇವೆ. ಗೋಡೆ ಎದ್ದ ವರ್ಷ ನೆರೆಮನೆಯ ಅಕ್ಕ ಹೂವಿಗೆ ಬಂದರು. ಇಲ್ಲ ಎಂದೆವು. ಆ ವರ್ಷ ಅವರ ಮನೆಯಲ್ಲಿ ತೂಗಿದ್ದು ಕುಮಟಾ ಪೇಟೆಯ ಪ್ಲಾಸ್ಟಿಕ್ ಹೂವು. ಯಾರೂ ಏನೂ ಅನ್ನಲಿಲ್ಲ. ಆದರೂ ನಮಗೆ ನಾಚಿಕೆಯಾಯಿತು.

ಗೇರು ಗುಡ್ಡದಿಂದ ಗೆಡ್ಡೆ ಅಗೆದು ತಂದೆವು. ಅದು ನೇಗಿಲಿನಂತೆ ಬಾಗಿರುತ್ತದೆ. ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರು ಬಂದದ್ದೂ ಅದರಿಂದಲೇ. ಅವಸರದಲ್ಲಿ ಗುದ್ದಲಿ ತಾಗಿ ಎರಡೂ ತುದಿ ಮುರಿದವು. ಉಳಿದದ್ದನ್ನು ನೆಟ್ಟು ಮಳೆಗಾಲವಿಡೀ ಕಾದರೂ ಏನೂ ಬರಲಿಲ್ಲ. ಗೆಡ್ಡೆಯ ಮೊಳಕೆ ಇರುವುದು ತುದಿಯಲ್ಲಿ ಮಾತ್ರ, ನಡುವೆ ಕಣ್ಣಿಲ್ಲ ಎಂಬುದು ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರಿಂದ ತಿಳಿಯಿತು. ಮರುವರ್ಷ ಮೇ ತಿಂಗಳಲ್ಲಿ, ನೀರು ನಿಲ್ಲದ ಕಡೆ ಮರಳು ಬೆರೆಸಿ, ನಾಲ್ಕು ಬೆರಳು ಆಳದಲ್ಲಿ ಗೆಡ್ಡೆಯನ್ನು ಮಲಗಿಸಿ ಮುಚ್ಚಿದೆವು. ಮೊದಲ ಮಳೆಗೆ ಚಿಗುರು ಕಂಡಿತು.

ಆಗ ಮನೆಯಲ್ಲಿ ಜಗಳ ಶುರುವಾಯಿತು. "ವಿಷದ ಗೆಡ್ಡೆ. ಮಗು ಗೆಣಸೆಂದು ಕಚ್ಚಿದರೆ?" ಎಂದರು ನಮ್ಮ ಮನೆಯವರು. ಅವರ ಮಾತು ಸುಳ್ಳಲ್ಲ. ಗಿಡದ ಎಲ್ಲ ಭಾಗವೂ ವಿಷ. ಗೆಡ್ಡೆ, ಬೀಜಗಳಲ್ಲಿ ಹೆಚ್ಚು. ತಿಂದವರಿಗೆ ಮೊದಲು ವಾಂತಿ ಭೇದಿ, ಆಮೇಲೆ ಜೀವಕ್ಕೇ ಅಪಾಯ. ಗೆಣಸೆಂದು ತಿಂದು ಸತ್ತವರೂ ಇದ್ದಾರೆ. ವಿಷದ ಹೆಸರು ಕೊಲ್ಚಿಸಿನ್. ಹಕೀಮರು ಕೀಲುನೋವಿಗೆ ಕೊಡುತ್ತಿದ್ದ ಸೂರಂಜಾನ್ ನಮ್ಮ ಬಾಲ್ಯದ ಕಿವಿಗೆ ಪರಿಚಿತ ಹೆಸರು. ಆ ಗೆಡ್ಡೆ ಬೇರೆ, ಆದರೆ ಕುಟುಂಬ ಇದೇ, ಒಳಗಿನ ವಸ್ತುವೂ ಇದೇ. ಇಂದಿನ ವೈದ್ಯರೂ ಗೌಟ್ ಎಂಬ ಕೀಲುಬಾವಿಗೆ ಅಳೆದು ಕೊಡುವುದು ಅದನ್ನೇ. ತಮಿಳುನಾಡಿನ ರೈತರು ಬೀಜಕ್ಕಾಗಿ ಈ ಬಳ್ಳಿಯನ್ನು ಹೊಲದಲ್ಲಿ ಬೆಳೆಯುತ್ತಾರೆ. ಬೆಳಿಗ್ಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಅಲ್ಲಿ ಇದು ರಾಜ್ಯದ ಹೂವು. ದೂರದ ಜಿಂಬಾಬ್ವೆಗೆ ರಾಷ್ಟ್ರದ ಹೂವು. ಇಷ್ಟೆಲ್ಲ ಹೇಳಿದರೂ ಅವರು ಸೋಲಲಿಲ್ಲ. "ಹಕೀಮರಿಗೆ ಅಳತೆ ಗೊತ್ತಿತ್ತು, ಮಗುವಿಗೆ ಗೊತ್ತಿದೆಯೇ?" ಎಂದರು.

ಕೊನೆಗೆ ರಾಜಿಯಾಯಿತು. ಗಿಡದ ಸುತ್ತ ಬಲೆ ಹಾಕಿದೆವು. ಗೆಡ್ಡೆಯನ್ನು ಅಡುಗೆಮನೆಯ ಹತ್ತಿರ ತರುವುದಿಲ್ಲ ಎಂದು ಮಾತು ಕೊಟ್ಟೆವು. ಅವರೇ ಒಂದು ತಗಡಿನ ಮೇಲೆ ಉರ್ದುವಿನಲ್ಲಿ 'ಜಹರ್' ಎಂದೂ ಕನ್ನಡದಲ್ಲಿ 'ವಿಷ' ಎಂದೂ ಬರೆದು ನೆಟ್ಟರು. ಮಗುವಿಗೆ ಎರಡೂ ಲಿಪಿ ಕಲಿಸಿದ್ದರಲ್ಲಿ ಈ ತಗಡಿನದೂ ಪಾಲಿದೆ.

ಕಳೆದ ಚೌತಿಯ ಹಿಂದಿನ ದಿನ ಅಕ್ಕ ಬಂದರು. ಮೊದಲಾದರೆ ಬೇಲಿಯ ಸಂದಿನಿಂದ ನುಸಿದು ಬರುತ್ತಿದ್ದವರು, ಈಗ ಗೇಟಿನ ಹೊರಗೆ ನಿಂತು ಕೇಳಿದರು: "ಭಾಯಿ, ಹೂವು ಬಿಟ್ಟದ್ಯಾ?" ನಮ್ಮ ಮನೆಯವರೇ ಮೂರು ಹೂವು ಕೊಯ್ದು ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟರು. "ಕಟ್ಟಿದ ಮೇಲೆ ಕೈ ತೊಳೆದುಕೊಳ್ಳಿ ಅಕ್ಕಾ" ಎಂದೂ ಹೇಳಿದರು. ಅಕ್ಕ ನಕ್ಕರು. "ನಮಗೆ ಹೇಳಿಕೊಡ್ತೀಯಾ? ಈ ಹೂವು ಕೊಯ್ದೇ ನಾವು ದೊಡ್ಡವರಾದದ್ದು."

ಮಳೆ ಮುಗಿದ ಮೇಲೆ ಕಾಯಿ ಒಡೆದು ಕೆಂಪು ಬೀಜ ಸಿಕ್ಕಿದವು. ಗೋಡೆಯ ಉದ್ದಕ್ಕೂ, ಮಗುವಿನ ಕೈಗೆ ಸಿಗದಂತೆ ಹೊರಬದಿಯಲ್ಲಿ ಬಿತ್ತಿದ್ದೇವೆ. ಅಲ್ಲಿಯೂ ಒಂದು ತಗಡು ನಿಂತಿದೆ. ಬೀಜದ ಬಳ್ಳಿ ಹೂ ಬಿಡಲು ಮೂರು ನಾಲ್ಕು ಮಳೆಗಾಲ ಬೇಕು. ಗೋಡೆಯನ್ನಂತೂ ಇನ್ನು ಕೆಡವಲಾರೆವು. ಅದರ ಮೇಲೆ ಬಳ್ಳಿಯಾದರೂ ಹಬ್ಬಿ ಅಕ್ಕನ ಕಡೆಗೆ ಇಳಿಯಲಿ ಎಂದು ಕಾಯುತ್ತಿದ್ದೇವೆ.