ಸೌಲನ ಕುರಿಗಳು

ಶ್ರೀರಂಗಪಟ್ಟಣದ ಗಂಜಾಮಿನ ಹಳೆಯ ಚರ್ಚಿಗೆ ಹೋದಾಗಲೆಲ್ಲ ಸ್ವಾಮಿಗಳ ಪ್ರಬೋಧನೆಗಿಂತ ಆ ಚರ್ಚಿನೊಡನೆ ಹೆಸರು ಬೆಸೆದುಕೊಂಡಿರುವ ಅಬೆ ದುಬ್ವಾ ಅವರ ಕಡೆಗೇ ನನ್ನ ಮನಸ್ಸು ಹೆಚ್ಚು ಹರಿಯುತ್ತದೆ. ಇದು ಭಕ್ತನ ಲಕ್ಷಣವಲ್ಲ, ಬಲ್ಲೆ, ಮೇಷ್ಟರ ಚಾಳಿ.

ಟಿಪ್ಪು ಮಡಿದ 1799ರ ತರುವಾಯ, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲೆಂದು ಬಂದ ಫ್ರೆಂಚ್ ಪಾದ್ರಿ ಅವರು. ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು, ಸುಮಾರು ಮೂವತ್ತು ವರ್ಷ ಈ ದೇಶದಲ್ಲಿ ಕಳೆದರು. ಜನ ಅವರನ್ನು ದೊಡ್ಡ ಸ್ವಾಮಿಯವರೆಂದರು. 1803-04ರಲ್ಲಿ ಸಿಡುಬಿನ ಲಸಿಕೆಯನ್ನು ಈ ಸೀಮೆಯಲ್ಲಿ ಹರಡಲು ದುಡಿದರು. ನಮ್ಮ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥದಲ್ಲಿ ಒಪ್ಪಲಾಗದ ಕಟುಮಾತುಗಳು ಬೇಕಾದಷ್ಟಿವೆ, ಅದಂತಿರಲಿ. ನನ್ನನ್ನು ಕಾಡುವುದು 1823ರಲ್ಲಿ ಅಚ್ಚಾದ ಅವರ ಪತ್ರಗಳು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಕೆಲಸ, ಇಷ್ಟು ವರ್ಷ ದುಡಿದು ತಾವು ಸೇರಿಸಿದವರು ಇನ್ನೂರು ಮುನ್ನೂರು ಮಂದಿ ಮಾತ್ರ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಪೈರು ಕಾಣದ ಹೊಲವನ್ನು ಅಷ್ಟು ಕಾಲ ಉತ್ತವರು! ವಿಧೇಯತೆಯೆಂದರೆ ಅದು ಎಂದು ನಾನು ತಲೆದೂಗುತ್ತಿದ್ದೆ. ತಲೆದೂಗುವುದು ಸುಲಭ.

ಕಳೆದ ವರ್ಷ ಒಂದು ಭಾನುವಾರ ಸ್ವಾಮಿಗಳು ಸೌಲನ ಕಥೆ ಎತ್ತಿಕೊಂಡರು. ಶತ್ರುವಿನದೆಲ್ಲವನ್ನೂ ನಾಶಮಾಡೆಂದು ದೇವರ ಆಜ್ಞೆ. ಸೌಲ ಕೊಬ್ಬಿದ ಕುರಿಗಳನ್ನು ಉಳಿಸಿಕೊಂಡ. ಪ್ರವಾದಿ ಸಮುವೇಲನಿಗೆ ಅವುಗಳ ಅರಚಾಟ ಕೇಳಿಸಿತು. ದೇವರಿಗೇ ಬಲಿಕೊಡಲು ಉಳಿಸಿದ್ದೇವೆಂದು ಅರಸ ಸಮಜಾಯಿಷಿ ಹೇಳಿದ. ಆ ಆಜ್ಞೆಯ ಕ್ರೌರ್ಯ ನನಗೆ ಇಂದಿಗೂ ಒಗ್ಗದು. ಆದರೆ ಕುರಿಗಳ ಸದ್ದು ನನಗೂ ಕೇಳಿಸಿತು.

ಪಾಂಡವಪುರದ ಹತ್ತಿರ, ಹಿಂದೆ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಆ ಊರಿನ ಹತ್ತಿರ, ನಮ್ಮ ತಂದೆಯವರದು ಒಂದೂವರೆ ಎಕರೆ ನಾಲೆ ಬಯಲಿನ ಗದ್ದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಗುತ್ತಿಗೆ ನಾನು ತೆಗೆದುಕೊಳ್ಳುತ್ತಿದ್ದೆ. ಕೃಷ್ಣರಾಜಪೇಟೆಯಲ್ಲಿರುವ ಅಕ್ಕ ವಿಧವೆ. ಹೊಲಿಗೆಯಿಂದ ಮನೆ ನಡೆಸುತ್ತಾಳೆ. ನಮ್ಮವರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯಿದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ನನಗದು ಗೊತ್ತಿತ್ತು. ಅಕ್ಕನಿಗೂ ಗೊತ್ತಿದ್ದಿರಬೇಕು, ಬಾಯಿಬಿಟ್ಟು ಕೇಳಿದವಳಲ್ಲ. ನಾನೋ, ಪ್ರತಿವರ್ಷ ಚರ್ಚಿನ ಹಬ್ಬದೂಟಕ್ಕೆ ಅದೇ ಗದ್ದೆಯ ಒಂದು ಮೂಟೆ ಅಕ್ಕಿ ಕಳಿಸಿ, ದೇವರ ಲೆಕ್ಕ ಚುಕ್ತವಾಯಿತೆಂದು ನಾಗಮಂಗಲಕ್ಕೆ ಹಿಂದಿರುಗಿ, ಮಕ್ಕಳಿಗೆ ವಚನಕಾರರ ನುಡಿ ನಡೆಗಳನ್ನು ಪಾಠ ಹೇಳುತ್ತಿದ್ದೆ. ನಿಮ್ಮ ಚಿತ್ತ ನೆರವೇರಲೆಂದು ರಾತ್ರಿ ಬೇಡುವಾಗ ಆ ಚಿತ್ತ ಗದ್ದೆಯ ಬದುವಿನಾಚೆಗೇ ನಿಲ್ಲುವುದೆಂದು ನಂಬಿದ್ದೆನೋ ಏನೋ.

ಮುಂದಿನ ಶನಿವಾರ ಅಕ್ಕನ ಮನೆಗೆ ಹೋದೆ. ಪಾಲಿನ ಮಾತೆತ್ತಿದಾಗ ಅವಳು ಹೊಲಿಗೆಯ ಯಂತ್ರ ನಿಲ್ಲಿಸಲಿಲ್ಲ.

“ನಿನ್ನ ಹೆಂಡತಿಯನ್ನು ಕೇಳಿದೆಯಾ?”

“ಕೇಳಿದೆ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂದಳು.”

“ಹಾಗಾದರೆ ನಿನಗೆ ಸರಿ ಕಂಡ ಹಾಗೆ ಮಾಡಪ್ಪ,” ಎಂದಳು. ಆಮೇಲೆ ಕತ್ತರಿ ಹುಡುಕುವ ನೆಪದಲ್ಲಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಇಬ್ಬರ ಹೆಸರಿಗೂ ಖಾತೆಗೆ ಅರ್ಜಿ ಕೊಟ್ಟೆವು. ಅಳತೆಯ ದಿನ ಸರ್ವೆಯವರು ಸರಪಳಿ ಹಿಡಿದು, ತೂಬಿನ ಕಡೆಯ ಮೂವತ್ತು ಗುಂಟೆ ಯಾರಿಗೆ, ತಗ್ಗಿನದು ಯಾರಿಗೆ ಎಂದು ಕೇಳಿದರು. ತೂಬಿನ ಪಕ್ಕದ ಗದ್ದೆಗೆ ನೀರು ಮೊದಲು, ತಗ್ಗಿಗೆ ಉಳಿದಷ್ಟು. ಅಕ್ಕ, “ಯಾವುದಾದರೇನು?” ಎಂದಳು. ಮನೆಯಿಂದ ಹೊರಡುವಾಗಲೇ ನಾನು ಮೇಲಿನ ಭಾಗವನ್ನು ಮನಸ್ಸಿನಲ್ಲಿ ನನಗೆ ಬರೆದುಕೊಂಡಾಗಿತ್ತು. ಮತ್ತೆ ಅದೇ ಕುರಿಗಳು.

“ಮೇಲಿನದು ಅಕ್ಕನಿಗೆ,” ಎಂದೆ. ಹೇಳಿದ್ದೇನೋ ಹೇಳಿದೆ. ನಾಗಮಂಗಲ ಮುಟ್ಟುವವರೆಗೂ ಬಸ್ಸಿನಲ್ಲಿ ಆ ಮೂವತ್ತು ಗುಂಟೆಯ ಬತ್ತದ ಲೆಕ್ಕವನ್ನೇ ಹಾಕುತ್ತ ಕುಳಿತಿದ್ದೆ.